ಕಾಲಿಗೆ ಕಟ್ಟಿದ ಚೀಲದ ಸುತ್ತ

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮಾತಿಗೆ ಬರವಿಲ್ಲ. ಜಾಗ ಯಾವುದಾದರೂ ಆದೀತು. ಗಣೇಶನಗರದ ಕನ್ನಡ ಶಾಲೆಯ ಅಂಗಳವಾದರೂ ಸರಿ, ಕಾರ್ಕಳ ಸೀಮೆಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿ ಹೋಟೆಲಿನ ಮೇಜಾದರೂ ಸರಿ, ಯಾರದೋ ಫ್ಲ್ಯಾಟಿನ ಬಾಲ್ಕನಿಯಾದರೂ ಸರಿ. ಮಳೆ, ಮಾವಿನಹಣ್ಣಿನ ದರ, ಬೆಳಗಾವಿಯ ಕುಂದಾ, ಮಗನ ಕಂಪನಿ ಎಲ್ಲ ಮುಗಿದ ಮೇಲೆ ಮಾತು ಮೈಗೆ ಬರುತ್ತದೆ. ಊಟಕ್ಕೆ ಮುಂಚೆ ಸಕ್ಕರೆ ಎಷ್ಟು, ಊಟವಾದ ಮೇಲೆ ಎಷ್ಟು, ಯಾರ ಮೊಣಕಾಲಿಗೆ ಯಾವ ಡಾಕ್ಟರು ಕೈಹಾಕಿದರು, ಯಾರ ಎದೆಯಲ್ಲಿ ಎಷ್ಟು ಸ್ಟೆಂಟು, ಒಂದನ್ನೂ ಬಿಡುವುದಿಲ್ಲ. ಆದರೆ ದಿನಕ್ಕೆ ಐದಾರು ಸಲ ನಾವೆಲ್ಲರೂ ಎದ್ದು ಹೋಗಿ ಮುಗಿಸಿ ಬರುವ ಆ ಒಂದು ಕೆಲಸದ ಬಗ್ಗೆ ಯಾರಾದರೂ ಬಾಯಿ ಬಿಟ್ಟದ್ದುಂಟೆ? ಕಿರುಬೆರಳು ಎತ್ತಿ ತೋರಿಸಿ ಹೋಗುತ್ತೇವೆ, ಬಂದು ಕೂತು ಬಿಟ್ಟ ಮಾತು ಹಿಡಿಯುತ್ತೇವೆ. ಎದ್ದು ಹೋಗಲಾಗದವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ತಲೆಗೆ ಬರುವುದೇ ಇಲ್ಲ. ಇವತ್ತು ಅದನ್ನೇ ಮಾತಾಡೋಣ. ಸಂಕೋಚ ಬೇಡ, ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಮಾತು ಶುರುವಾಗಬೇಕಾದ್ದು ಪುಣೆಯದೇ ಭಾಗವಾದ ಖಡಕಿಯಿಂದ. ಇಂಗ್ಲಿಷರ ಬಾಯಲ್ಲಿ ಇದು ಕಿರ್ಕೀ. ಪೇಶ್ವೆ ಎರಡನೇ ಬಾಜೀರಾಯನ ಪಡೆಗೂ ಕಂಪನಿ ಸರಕಾರದ ಪಡೆಗೂ 1817ರ ನವೆಂಬರ್ 5ರಂದು ಕಾಳಗ ನಡೆದದ್ದು ಇಲ್ಲಿ. ಆಮೇಲೆ ದಂಡು ಬಂತು, ಮದ್ದುಗುಂಡಿನ ಕಾರ್ಖಾನೆ ಬಂತು, ಸೈನ್ಯದ ಎಂಜಿನಿಯರ್ ಪಡೆಯಾದ ಸ್ಯಾಪರ್ಸ್ ಬಂದರು. ಯುದ್ಧಕ್ಕೆ ಜನರನ್ನು ಕಳಿಸಿದ ಊರಿಗೇ ಯುದ್ಧ ಮುರಿದ ಜನರನ್ನು ನೋಡಿಕೊಳ್ಳುವ ಕೆಲಸವೂ ಬಂತು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಕಸುಬು ಕಲಿಸಲು 1917ರಲ್ಲಿ ಹುಟ್ಟಿಕೊಂಡ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇರುವುದು ಇಲ್ಲೇ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೋ ಕುತ್ತಿಗೆಯ ಕೆಳಗೋ ಚಲನೆ ನಿಂತ ಯೋಧರಿಗಾಗಿ 1974ರಲ್ಲಿ ಶುರುವಾದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಕೂಡ ಇಲ್ಲೇ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬಂದಿದ್ದಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇರುವಾಗ, ಖಾನಾಪುರ, ಗೋಕಾಕ, ಚಿಕ್ಕೋಡಿಯ ಹುಡುಗರು ಸಮವಸ್ತ್ರ ತೊಡುವುದೇನು ಹೊಸದಲ್ಲ. ಪುಣೆಯ ಹಾದಿಯೂ ಅವರಿಗೆ ಹೊಸದಲ್ಲ.

ಅಂಥವರಲ್ಲಿ ಒಬ್ಬರು ನನ್ನ ಪರಿಚಯದವರು, ಗೋಕಾಕ ಕಡೆಯವರು. ಹೆಸರು ಯಾಕೆ, ನಾವೆಲ್ಲ ಹವಾಲ್ದಾರ್ ಸಾಹೇಬ್ರು ಅಂತಲೇ ಕರೆಯುವುದು. ಗುಡ್ಡದ ದಾರಿಯಲ್ಲಿ ಗಾಡಿ ಉರುಳಿ ಬೆನ್ನಿಗೆ ಏಟಾಯಿತು. ಗಾಲಿಕುರ್ಚಿಯಲ್ಲಿ ಕೂತೇ ಮಗಳ ಮದುವೆ ಮಾಡಿದ್ದಾರೆ, ಸೊಸೈಟಿಯ ಲೆಕ್ಕಪತ್ರ ನೋಡುತ್ತಾರೆ, ಗಣಪತಿ ಹಬ್ಬದಲ್ಲಿ ಚಂದಾ ಎತ್ತುತ್ತಾರೆ. ಒಂದು ದಿನ ಅವರ ಪ್ಯಾಂಟಿನ ಹೊಲಿಗೆ ನನ್ನ ಕಣ್ಣಿಗೆ ಬಿತ್ತು. ಎರಡೂ ಕಾಲಿನ ಒಳಬದಿಗೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಸಣ್ಣ ಜಿಪ್ಪು. ಕೇಳಲೋ ಬೇಡವೋ ಅಂತ ನಾನು ಅಳೆಯುತ್ತಿರುವಾಗ ಅವರೇ ಅಂದರು: “ಕೇಳ್ರಿ ಸರ, ಕೇಳಿದ್ರ ತಪ್ಪೇನಿಲ್ಲ. ಇದರಾಗ ನನ್ನ ಅರ್ಧಾ ಸ್ವಾತಂತ್ರ್ಯ ಐತಿ.”

ಆ ಜಿಪ್ಪಿನ ಕತೆಗೆ ಬರುವ ಮೊದಲು ಒಳಗಿನ ವ್ಯವಹಾರ ಸ್ವಲ್ಪ ತಿಳಿದಿರಬೇಕು. ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ತುಂಬುತ್ತಿದ್ದಂತೆ ಬೆನ್ನುಹುರಿಯ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ. ಮೆದುಳು ‘ತಡಿ, ಇನ್ನೂ ಮೀಟಿಂಗು ಮುಗಿದಿಲ್ಲ’ ಅನ್ನುತ್ತದೆ, ಕೋಶ ತಡೆಯುತ್ತದೆ. ಬೆನ್ನುಹುರಿಗೆ ಏಟು ಬಿದ್ದಾಗ ಈ ಹೋಗುಬರುವ ಸುದ್ದಿ ನಿಲ್ಲುತ್ತದೆ. ಕೆಲವರಲ್ಲಿ ಕೋಶ ತುಂಬುತ್ತಲೇ ಇರುತ್ತದೆ, ಖಾಲಿಯಾಗುವುದಿಲ್ಲ. ಕೆಲವರಲ್ಲಿ ಹೇಳದೆ ಕೇಳದೆ ತಾನೇ ಖಾಲಿಯಾಗುತ್ತದೆ. ಇನ್ನು ಕೆಲವರಲ್ಲಿ ಕೋಶ ಹಿಂಡುತ್ತದೆ, ಬಾಯಿ ತೆರೆಯುವುದಿಲ್ಲ. ಆಗ ಒತ್ತಡ ಮೇಲಕ್ಕೆ ತಿರುಗಿ ಕಿಡ್ನಿಗೆ ಕುತ್ತು. ನಡೆಯಲಾಗದ್ದೇ ದೊಡ್ಡ ಕಷ್ಟ ಅಂತ ನಾವು ಹೊರಗಿನವರು ತಿಳಿದಿರುತ್ತೇವೆ. ಅವರನ್ನು ಕೇಳಿ ನೋಡಿ. ನಡೆಯುವುದಕ್ಕೆ ಗಾಲಿ ಸಿಕ್ಕಿತು ಸರ, ಇದಕ್ಕೆ ದಾರಿ ಮಾಡಿಕೊಳ್ಳುವುದೇ ದಿನದ ಕೆಲಸ ಅನ್ನುತ್ತಾರೆ.

ಮನುಷ್ಯ ಈ ದಾರಿ ಹುಡುಕಲು ತೆಗೆದುಕೊಂಡ ಕಾಲ ಸಣ್ಣದಲ್ಲ. ಈಜಿಪ್ಟಿನ ಹಳೆಯ ವೈದ್ಯಗ್ರಂಥವೊಂದಿದೆ, ಎಡ್ವಿನ್ ಸ್ಮಿತ್ ಪಪೈರಸ್ ಅಂತ. ಕುತ್ತಿಗೆಯ ಮೂಳೆ ಜಾರಿ ಕೈಕಾಲಿನ ಅರಿವು ಹೋಗಿ ಮೂತ್ರ ತೊಟ್ಟಿಕ್ಕುವ ರೋಗಿಯನ್ನು ಅದು ವಿವರಿಸುತ್ತದೆ. ಇದು ಚಿಕಿತ್ಸೆ ಇಲ್ಲದ ಕಾಯಿಲೆ ಎಂದು ಕೈಚೆಲ್ಲುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ನಾಡೀಯಂತ್ರ ಎಂಬ ಕೊಳವೆ ಸಲಕರಣೆಗಳ ಪಟ್ಟಿಯೇ ಇದೆ. ಅಮೆರಿಕದ ಬೆಂಜಮಿನ್ ಫ್ರ್ಯಾಂಕ್ಲಿನ್ ಗೊತ್ತಲ್ಲ, ಸಿಡಿಲು ಬೀಳುವ ಹೊತ್ತಿನಲ್ಲಿ ಗಾಳಿಪಟ ಹಾರಿಸಿದವರು? ಅವರ ಅಣ್ಣ ಜಾನ್‌ಗೆ ಮೂತ್ರಕೋಶದಲ್ಲಿ ಕಲ್ಲು. ಮೂತ್ರ ಇಳಿಸಲು ಆಗ ಸಿಗುತ್ತಿದ್ದ ನಳಿಕೆಗಳು ಬಿರುಸು, ಹಾಕಿದರೆ ನರಕ. ಅಣ್ಣನ ಪಾಡು ನೋಡಲಾರದೆ ಫ್ರ್ಯಾಂಕ್ಲಿನ್ 1752ರಲ್ಲಿ ಅಕ್ಕಸಾಲಿಗನ ಬಳಿ ಕೂತು ಬೆಳ್ಳಿಯ ಬಾಗುವ ನಳಿಕೆ ಮಾಡಿಸಿ ಕಳಿಸಿಕೊಟ್ಟರು. ಗಾಳಿಪಟದ ಕತೆಯನ್ನು ಶಾಲೆಯಲ್ಲಿ ಎಲ್ಲರೂ ಓದುತ್ತೇವೆ. ತಮ್ಮನೊಬ್ಬ ಅಣ್ಣನ ನೋವಿಗೆ ಬೆಳ್ಳಿ ಎಳೆಸಿದ ಈ ಕತೆಯನ್ನೂ ಓದಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೂ ಮೊದಲ ಮಹಾಯುದ್ಧದ ಹೊತ್ತಿಗೆ ಬೆನ್ನುಹುರಿ ಮುರಿದ ಸೈನಿಕರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಗುಂಡಿನಿಂದ ಪಾರಾದವರು ಮೂತ್ರದ ಸೋಂಕಿನಿಂದ, ಹಾಸಿಗೆ ಹುಣ್ಣಿನಿಂದ ಸತ್ತರು. ಈ ಲೆಕ್ಕವನ್ನು ತಿರುಗಿಸಿದವರಲ್ಲಿ ಮುಖ್ಯರು ಲುಡ್ವಿಗ್ ಗುಟ್‌ಮನ್. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ಪಾರಾಗಿ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗ ತೆರೆದರು. ರೋಗಿಯನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಮೂತ್ರವನ್ನು ಹೊತ್ತುಹೊತ್ತಿಗೆ ಶುದ್ಧವಾದ ನಳಿಕೆಯಿಂದ ತೆಗೆಯಿರಿ ಎಂದು ಹಟ ಹಿಡಿದರು. ಸಾಯಬೇಕಾದವರು ಬದುಕಿದರು. ಬದುಕಿದವರು ಸುಮ್ಮನೆ ಮಲಗಿರಬಾರದು ಎಂದು 1948ರ ಜುಲೈ 29ರಂದು ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಜನರಿಗೆ ಬಿಲ್ಲುಬಾಣದ ಸ್ಪರ್ಧೆ ಇಟ್ಟರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಬೀಜದಿಂದ. ಎಲ್ಲಿಯ ನಳಿಕೆ, ಎಲ್ಲಿಯ ಪದಕ ಅನ್ನಿಸುತ್ತದೆಯೆ? ಮೂತ್ರಕ್ಕೆ ದಾರಿ ಮಾಡಿದ ಮೇಲೆಯೇ ಮೈದಾನದ ದಾರಿ ತೆರೆದದ್ದು.

ಆ ದಾರಿ ಪುಣೆಗೂ ಬಂತು. ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದ ಮುರಳಿಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್. ಆ ಜಿಲ್ಲೆ ನಮಗೆ ಹೊರಗಿನದೇನಲ್ಲ, ಅದರ ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. 1965ರ ಯುದ್ಧದಲ್ಲಿ ಪೇಟ್ಕರ್ ಅವರಿಗೆ ಗುಂಡುಗಳು ಹೊಕ್ಕವು, ಒಂದು ಬೆನ್ನಿನಲ್ಲೇ ಉಳಿಯಿತು. ಚಿಕಿತ್ಸೆಗೆಂದು ನೀರಿಗಿಳಿದವರು 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪುಣೆಯ ಟೆಲ್ಕೋದಲ್ಲಿ ನೌಕರಿ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು, 2024ರಲ್ಲಿ ‘ಚಂದು ಚಾಂಪಿಯನ್’ ಸಿನಿಮಾ ಬಂತು. ಅದೇ 1972ರಲ್ಲಿ, ಅತ್ತ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡೆಸ್ ಎಂಬ ವೈದ್ಯರು ಒಂದು ಲೇಖನ ಪ್ರಕಟಿಸಿದರು. ನಳಿಕೆ ಹಾಕಲು ಆಪರೇಶನ್ ಥಿಯೇಟರಿನ ಮಡಿ ಬೇಕಿಲ್ಲ, ಸೋಪಿನಿಂದ ತೊಳೆದ ಕೈ ಮತ್ತು ಚೊಕ್ಕಟವಾದ ನಳಿಕೆ ಇದ್ದರೆ ರೋಗಿ ತಾನೇ ಮನೆಯಲ್ಲಿ ಹಾಕಿಕೊಳ್ಳಬಹುದು, ಕೋಶ ಉಬ್ಬಲು ಬಿಡದೆ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂಬುದು ಅದರ ಸಾರ. ಆ ವರ್ಷ ಯಾರೂ ಇವೆರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿರಲಿಕ್ಕಿಲ್ಲ. ನನಗೆ ಎರಡೂ ಒಂದೇ ಗೆಲುವಿನ ಎರಡು ಭಾಗ ಅನ್ನಿಸುತ್ತದೆ.

ಎಲ್ಲಿದ್ದೆವು? ಜಿಪ್ಪು. ಸರಿ.

ಇವತ್ತು ದಾರಿಗಳು ನಾಲ್ಕೈದು ಇವೆ. ಕೈ ಚೆನ್ನಾಗಿ ಆಡುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ನಳಿಕೆ ಹಾಕಿ ತೆಗೆಯುತ್ತಾರೆ. ಕಿಡ್ನಿಗೆ ಇದು ಒಳ್ಳೆಯದೆಂದು ವೈದ್ಯರು ಮೊದಲು ಇದನ್ನೇ ಕಲಿಸುತ್ತಾರೆ. ಅದು ಆಗದವರಿಗೆ ಒಳಗೇ ಉಳಿಯುವ ಫೋಲಿ ನಳಿಕೆ, ತುದಿಯಲ್ಲಿ ನೀರು ತುಂಬಿದ ಸಣ್ಣ ಬಲೂನು ಅದನ್ನು ಜಾರದಂತೆ ಹಿಡಿದಿರುತ್ತದೆ. ಫ್ರೆಡರಿಕ್ ಫೋಲಿ ಎಂಬ ಅಮೆರಿಕದ ವೈದ್ಯರು ಅದನ್ನು ರೂಪಿಸಿದ್ದು 1930ರ ದಶಕದಲ್ಲಿ. ಕೆಲವರಿಗೆ ಕಿಬ್ಬೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಅಲ್ಲಿಂದಲೇ ನಳಿಕೆ ಇಡುತ್ತಾರೆ. ತಾನೇ ಸೋರುವ ಗಂಡಸರಿಗೆ ಹೊರಗಿನಿಂದ ತೊಡಿಸುವ ಕಾಂಡೋಮ್ ಕ್ಯಾಥೆಟರ್ ಉಂಟು. ಯಾವುದು ಯಾರಿಗೆ ಎಂಬುದನ್ನು ಯೂರಾಲಜಿ ಡಾಕ್ಟರೇ ಹೇಳಬೇಕು, ನಾನೂ ನೀವೂ ಅಲ್ಲ. ಒಳಗೇ ಉಳಿಯುವ ನಳಿಕೆಯಾಗಲಿ ಕಾಂಡೋಮ್ ಆಗಲಿ, ಕೊನೆಗೆ ಇಳಿಯುವುದು ಚೀಲಕ್ಕೆ. ಹಗಲಿಗೆ ತೊಡೆಗೋ ಮೀನಖಂಡಕ್ಕೋ ಪಟ್ಟಿಯಿಂದ ಕಟ್ಟುವ 500, 750 ಮಿಲಿಲೀಟರಿನ ಲೆಗ್ ಬ್ಯಾಗು. ರಾತ್ರಿಗೆ ಮಂಚದ ಬದಿಗೆ ತೂಗುಹಾಕುವ ಎರಡು ಲೀಟರಿನದು.

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಇಲ್ಲವಾದರೆ ಹೋದದ್ದು ಹಿಂದಿರುಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತಿದ್ದಂತೆ ಬಗ್ಗಿಸಬೇಕು. ಪೂರ್ತಿ ತುಂಬಿದರೆ ಭಾರಕ್ಕೆ ನಳಿಕೆ ಎಳೆಯುತ್ತದೆ, ಪ್ಯಾಂಟಿನ ಮೇಲೆ ಉಬ್ಬು ಕಾಣುತ್ತದೆ. ಪಟ್ಟಿ ಬಿಗಿಯಾದರೆ ಚರ್ಮ ಕೆಡುತ್ತದೆ, ಅರಿವಿಲ್ಲದ ಕಾಲಾದ್ದರಿಂದ ಕೆಟ್ಟದ್ದೂ ತಿಳಿಯುವುದಿಲ್ಲ.

ಹವಾಲ್ದಾರ್ ಸಾಹೇಬ್ರ ಜೊತೆ ಖಡಕಿ ಬಜಾರಿನ ದರ್ಜಿಯ ಹತ್ತಿರ ಒಮ್ಮೆ ಹೋಗಿದ್ದೆ. ದರ್ಜಿ ಅಂಗಡಿಯ ಮೆಟ್ಟಿಲಿಳಿದು ರಸ್ತೆಗೇ ಬಂದ, ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕೂತ. ನಿಂತವರ ಅಳತೆ ಇಲ್ಲಿ ನಡೆಯುವುದಿಲ್ಲ ಅಂತ ಅವನಿಗೆ ಗೊತ್ತು. ಕೂತಾಗ ಹಿಂಭಾಗಕ್ಕೆ ಬಟ್ಟೆ ಹೆಚ್ಚು ಬೇಕು, ಮುಂಭಾಗಕ್ಕೆ ಕಡಿಮೆ. ಮುಂದೆ ಹೆಚ್ಚಾದರೆ ಮಡಿಕೆ ಬಿದ್ದು ಹೊಟ್ಟೆಯ ಹತ್ತಿರ ನಳಿಕೆಯನ್ನು ಅಮುಕುತ್ತದೆ. ಮೊಣಕಾಲು ಮಡಿಸಿದಾಗ ಪ್ಯಾಂಟು ಮೇಲೆ ಏರಿ ಚೀಲದ ಬಾಯಿ ಇಣುಕುತ್ತದೆ, ಅದಕ್ಕೆ ಉದ್ದ ಎರಡು ಇಂಚು ಜಾಸ್ತಿ. ಹಿಂದೆ ಜೇಬು ಬೇಡವೇ ಬೇಡ, ಗುಂಡಿಯೂ ಬೇಡ, ದಪ್ಪ ಹೊಲಿಗೆಯೂ ಬೇಡ. ಇಡೀ ದಿನ ಕೂರುವ ಮೈಗೆ ಒಂದು ಹೊಲಿಗೆಯ ಗಂಟು ಸಾಕು, ಹುಣ್ಣಾಗಲು. ಮುಂದಿನ ಜಿಪ್ಪು ವಾಡಿಕೆಗಿಂತ ಕೆಳಗಿನವರೆಗೆ. ದರ್ಜಿ ಕೇಳಿದ, ಚೀಲ ಯಾವ ಕಾಲಿಗೆ, ಆ ಕಾಲನ್ನಷ್ಟೇ ಸಡಿಲ ಮಾಡಲೇ? ಸಾಹೇಬ್ರು ತಲೆ ಅಲ್ಲಾಡಿಸಿದರು. ದಿನ ಬಿಟ್ಟು ದಿನ ಕಾಲು ಬದಲಿಸುತ್ತೇನೆ, ಚರ್ಮಕ್ಕೂ ರಜೆ ಬೇಕಲ್ಲ, ಎರಡೂ ಸಡಿಲ ಇರಲಿ ಅಂದರು. ಬಣ್ಣ ಗಾಢ ನೀಲಿ ಆರಿಸಿದರು. ಇಷ್ಟೂ ಮಾತು ರಸ್ತೆಯ ನಡುವೆ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ, ಎತ್ತಿದ ದನಿಯಿಲ್ಲದೆ, ತಗ್ಗಿಸಿದ ದನಿಯೂ ಇಲ್ಲದೆ ನಡೆಯಿತು. ಪಂಚೆ ಉಟ್ಟರೆ ಇಷ್ಟೆಲ್ಲ ಉಸಾಬರಿ ಬೇಡವಲ್ಲ ಅಂದೆ. “ಉಟ್ಟು ನೋಡೀನ್ರಿ. ಅಂಚು ಗಾಲ್ಯಾಗ ಸಿಗತೈತಿ” ಅಂದರು.

ಹೊರಗೆ ಹೊರಡುವ ಮೊದಲು ಅವರು ಕಾಲಿನ ಆ ಜಿಪ್ಪು ತೆರೆದು ಚೀಲ ಬಗ್ಗಿಸುತ್ತಾರೆ. ಗಾಲಿಕುರ್ಚಿಯ ಹಿಂದಿನ ಜೋಳಿಗೆಯಲ್ಲಿ ಅಗಲ ಬಾಯಿಯ, ಮುಚ್ಚಳ ಬಿಗಿಯಾದ ಒಂದು ಡಬ್ಬಿ, ಒಂದು ಬಿಡಿ ಚೀಲ, ಸೋಪು. ಕಾರಿನಲ್ಲಿ ಬೆಳಗಾವಿಗೆ ಹೊರಟರೆ ಸಾತಾರಾ, ಕರಾಡ, ಕೊಲ್ಹಾಪುರ ದಾಟಿ ನಿಪ್ಪಾಣಿ ಮುಟ್ಟುವ ತನಕ ಎಲ್ಲೆಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಬಾಯಿಪಾಠ. ನಮಗೆ ಸಾತಾರಾ ಅಂದರೆ ಕಂದಿ ಪೇಡೆ, ಅವರಿಗೆ ಸಮತಟ್ಟಾದ ನೆಲವಿರುವ ಪೆಟ್ರೋಲ್ ಬಂಕು. ಈಗ 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಓಡುತ್ತಿದೆ. ತುದಿಯ ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗವಿದೆ, ಕುರ್ಚಿ ಹೋಗುವಷ್ಟು ದೊಡ್ಡ ಶೌಚಾಲಯವಿದೆ. ಅವರು ಆ ರೈಲನ್ನು ಹೊಗಳುವಾಗ ವೇಗದ ಮಾತೇ ಎತ್ತುವುದಿಲ್ಲ.

ಚೀಲ ಕಂಡರೆ ಕಾಣಲಿ ಬಿಡಿ, ಇದರಲ್ಲಿ ನಾಚಿಕೆ ಯಾಕೆ ಅಂತ ಕೆಲವರು ಉದಾರವಾಗಿ ಹೇಳುವುದುಂಟು. ಸಾಹೇಬ್ರು ಅದಕ್ಕೆ ಕೊಟ್ಟ ಉತ್ತರ ನನಗೆ ಮರೆಯುವುದಿಲ್ಲ. “ನಾಚಿಕಿಗಲ್ರೀ ಸರ. ಚೀಲ ಕಂಡ್ರ ಎದುರಿನವರ ಕಣ್ಣು ಅದರ ಮ್ಯಾಲ ಇರತೈತಿ, ನನ್ನ ಮ್ಯಾಲ ಇರೂದಿಲ್ಲ. ನಾ ಹೇಳೂ ಮಾತು ಅವರಿಗೆ ಕೇಳಸೂದಿಲ್ಲ.” ಇಷ್ಟೇ ನೋಡಿ ವಿಷಯ. ಚೀಲ ಮರೆಯಲ್ಲಿರಲಿ, ಅದನ್ನು ಕಟ್ಟಿಕೊಂಡ ಮನುಷ್ಯ ನಾಲ್ಕು ಜನರ ನಡುವೆ ಇರಲಿ.

ಹೆಂಗಸರ ಮಾತು ಬಂದರೆ ಎದೆ ಭಾರವಾಗುತ್ತದೆ. ಗಂಡಸರಿಗೆ ಇರುವ ಹೊರಗಿನ ಸಲಕರಣೆ ಅವರಿಗೆ ಅಷ್ಟು ಸರಿಯಾಗಿ ಒದಗುವುದಿಲ್ಲ. ತಾವೇ ನಳಿಕೆ ಹಾಕಿಕೊಳ್ಳಲು ಕನ್ನಡಿ ಬೇಕು, ಜಾಗ ಬೇಕು, ಎಷ್ಟೋ ಸಲ ಕುರ್ಚಿಯಿಂದ ಹಾಸಿಗೆಗೆ ಬರಬೇಕು. ಸೀರೆಯ ನೆರಿಗೆ ಗಾಲಿಗೆ ಸಿಗುತ್ತದೆ, ಸಲ್ವಾರ್ ಕೆಳಗಿಳಿಸುವುದು ದೊಡ್ಡ ಕೆಲಸ. ಮುಂದಿನಿಂದ ತೆರೆಯುವ ಸುತ್ತು ಲಂಗ, ಉದ್ದನೆಯ ಕುರ್ತಾ ಹೀಗೆ ತಾವೇ ಏನೇನೋ ಕಂಡುಕೊಂಡಿದ್ದಾರೆ. ಹೊರಗೆ ಹೋಗುವ ದಿನ ಹಿಂದಿನ ರಾತ್ರಿಯಿಂದಲೇ ನೀರು ನಿಲ್ಲಿಸುವವರು ಇದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಸೋಂಕು ಬರುತ್ತದೆ, ಕಲ್ಲು ಕಟ್ಟುತ್ತದೆ, ನಳಿಕೆ ಕಟ್ಟಿಕೊಳ್ಳುತ್ತದೆ. ವಾಸನೆಯ ಭಯಕ್ಕೆ ನೀರು ಬಿಟ್ಟವರಿಗೆ ವಾಸನೆಯೇ ಹೆಚ್ಚು. ಮೂತ್ರ ತಿಳಿ ಹಳದಿ ಇರಬೇಕು. ಮಬ್ಬಾಗಿ, ದುರ್ವಾಸನೆ ಬಂದು, ಜೊತೆಗೆ ಚಳಿಜ್ವರ ಬಂದರೆ ಅದು ಡಾಕ್ಟರ ಹತ್ತಿರ ಹೋಗುವ ದಿನ.

ಮನೆಯವರು ತಿಳಿದಿರಲೇಬೇಕಾದ್ದು ಇನ್ನೊಂದಿದೆ. ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಬೆನ್ನುಹುರಿಗೆ ಏಟಾದವರಲ್ಲಿ ನಳಿಕೆ ಮಡಚಿ ಕೋಶ ಉಬ್ಬಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಬೆವರು ಹರಿಯುತ್ತದೆ. ಅವರನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೊದಲು ನಳಿಕೆಯ ಮಡಿಕೆ ಬಿಡಿಸಿ, ಚೀಲ ತುಂಬಿದೆಯೇ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಹೀಗಾಗುತ್ತದೆ ಅಂತ ಮೊದಲೇ ಬಾಯಿಬಿಟ್ಟು ಮಾತಾಡಿದ ಮನೆಯಲ್ಲಿ ಜೀವ ಉಳಿಯುತ್ತದೆ. ಮುಚ್ಚಿಟ್ಟ ಮನೆಯಲ್ಲಿ ಎಲ್ಲರೂ ಹಣೆಗೆ ಅಮೃತಾಂಜನ ಹಚ್ಚುತ್ತ ಕೂರುತ್ತಾರೆ.

ಇನ್ನು ಚಹಾದ ಮಾತು. ಪುಣೆಯ ಅಮೃತತುಲ್ಯ ಚಹಾ ಬೇಡ ಅನ್ನುವವರು ಯಾರಿದ್ದಾರೆ? ಸಾಹೇಬ್ರು ಬೇಡ ಅನ್ನುತ್ತಿದ್ದರು. ಪಥ್ಯ ಇರಬೇಕು ಅಂತ ಎಲ್ಲರೂ ತಿಳಿದಿದ್ದೆವು. ಒಂದು ಮದುವೆಯ ಕಾರ್ಯಾಲಯದಲ್ಲಿ ನಿಜ ಗೊತ್ತಾಯಿತು: ಕುಡಿದದ್ದನ್ನು ಇಳಿಸಲು ಜಾಗ ಸಿಗುವ ಖಾತ್ರಿ ಇಲ್ಲದ್ದಕ್ಕೆ ಚಹಾ ಬೇಡ. ಅಲ್ಲಿಯ ಶೌಚಾಲಯಕ್ಕೆ ಎರಡು ಮೆಟ್ಟಿಲು, ಬಾಗಿಲು ಎರಡಡಿ. ಚೀಲ ಬಗ್ಗಿಸಲು ಜಾಗವಿಲ್ಲದೆ ಅವರು ಅಕ್ಕಿಕಾಳು ಬೀಳುವ ಮೊದಲೇ ಮನೆಗೆ ಹೊರಟರು. ಮಗಳ ಗೆಳತಿಯ ಮದುವೆ, ಊಟ ಮಾಡದೆ ಹೋದರು. ಹೊಲಿಗೆ, ಬಣ್ಣ, ಡಬ್ಬಿ, ಲೆಕ್ಕಾಚಾರ, ಮರೆಯಲ್ಲಿಡಲು ಅವರು ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ಒಂದು ಬಾಗಿಲು ಎಲ್ಲವನ್ನೂ ನೀರಿನಲ್ಲಿ ಹೋಮ ಮಾಡಿತು.

ಕಾನೂನು ಇದೆ. ಸುಗಮ್ಯ ಭಾರತ ಅಭಿಯಾನ 2015ರ ಡಿಸೆಂಬರ್ 3ರಂದು ಶುರುವಾಯಿತು, 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂತು. ಪುಣೆಯಲ್ಲೇ 2016ರಲ್ಲಿ ಹಳೆಯ ಸಿಟಿ ಬಸ್ಸುಗಳನ್ನು ಹೆಂಗಸರ ಶೌಚಾಲಯ ಮಾಡಿ ರಸ್ತೆಬದಿಗೆ ನಿಲ್ಲಿಸಿದ ಜಾಣತನ ನೋಡಿದ್ದೇವೆ. ಗುಜರಿಗೆ ಹೋಗುವ ಬಸ್ಸಿಗೆ ಹೊಸ ಕೆಲಸ ಹುಡುಕಿದ ಊರಿಗೆ ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಹಾಕುವುದು ಕಷ್ಟವಾಗಬಾರದು. ಆದರೆ ಸರಕಾರದ ಬಾಗಿಲು ಅಗಲವಾಗುವ ತನಕ ನಾವು ಕಾಯಬೇಕಿಲ್ಲ. ಸಾಮಾನ್ಯ ಗಾಲಿಕುರ್ಚಿಯ ಒಟ್ಟು ಅಗಲ 25ರಿಂದ 27 ಇಂಚು. ಸರಕಾರಿ ಮಾರ್ಗಸೂಚಿ ಕೇಳುವುದು 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರಡಿಯ ಬಾಗಿಲು. ನಮ್ಮ ಬಹಳಷ್ಟು ಫ್ಲ್ಯಾಟುಗಳ ಬಚ್ಚಲ ಬಾಗಿಲು ಎರಡೂವರೆ ಅಡಿ, ಚೌಕಟ್ಟು ಕಳೆದರೆ ಇನ್ನೂ ಕಡಿಮೆ.

ಹಾಗಾಗಿ ನಿಮ್ಮಲ್ಲಿ ಒಂದು ಬಿನ್ನಹ. ಇವತ್ತು ಟೇಪು ಹಿಡಿದು ನಿಮ್ಮ ಮನೆಯ ಬಚ್ಚಲ ಬಾಗಿಲನ್ನು ಅಳೆಯಿರಿ. ಮನೆ ಕಟ್ಟಿಸುವವರಿದ್ದರೆ, ದುರಸ್ತಿ ಮಾಡಿಸುವವರಿದ್ದರೆ, ಆ ಒಂದು ಬಾಗಿಲನ್ನು ಮೂರಡಿ ಮಾಡಿಸಿ, ಹೊಸ್ತಿಲು ತೆಗೆಸಿ. ಕಾರ್ಯಾಲಯ ಗೊತ್ತು ಮಾಡುವಾಗ ಊಟದ ರೇಟಿನ ಜೊತೆಗೆ ಶೌಚಾಲಯದ ಬಾಗಿಲನ್ನೂ ವಿಚಾರಿಸಿ. ಗಾಲಿಕುರ್ಚಿಯಲ್ಲಿ ಬರುವವರನ್ನು ಕರೆಯುವಾಗ ಫೋನಿನಲ್ಲೇ ನೇರವಾಗಿ ಹೇಳಿಬಿಡಿ: ಬಾಗಿಲು ಇಷ್ಟು ಅಗಲ ಇದೆ, ಮೆಟ್ಟಿಲಿಲ್ಲ, ಆರಾಮಾಗಿ ಬನ್ನಿ. ಅಷ್ಟು ಹೇಳಿದರೆ ಅವರು ಬರುತ್ತಾರೆ, ಊಟವನ್ನೂ ಮಾಡಿಕೊಂಡು ಹೋಗುತ್ತಾರೆ.